ಹತ್ತು ನಿಮಿಷದ ಗೆರೆ ಎಳೆದವರಿಗೆ

ಸಾಫ್ಟ್‌ವೇರಿನ ಟೆಸ್ಟುಗಳೆಲ್ಲ ಸೇರಿ ಹತ್ತು ನಿಮಿಷದೊಳಗೆ ಮುಗಿದರೆ ಸಾಕು, ಬಿಡಿ ಟೆಸ್ಟಿನ ವೇಗ ಅಳೆಯುವುದು ಅತಿಯಾಯಿತು ಎನ್ನುತ್ತಾರೆ ಟೆಸ್ಟುಗಳ ವೇಗದ ಬಗ್ಗೆ ಲೇಖನ ಬರೆದವರು. ಸಾಫ್ಟ್‌ವೇರ್ ತಜ್ಞ ಕೆಂಟ್ ಬೆಕ್ ಹೇಳಿದ ಹತ್ತು ನಿಮಿಷ ಇಡೀ ಬಿಲ್ಡಿನದು ಸ್ವಾಮಿ! ಒಂದು ಸಾಲು ತಿದ್ದಿದಾಗಲೆಲ್ಲ ಅಷ್ಟು ಹೊತ್ತು ಕಾಯುವವರು ಯಾರು? ಅದೇ ಕ್ಷೇತ್ರದ ಮೈಕೆಲ್ ಫೆದರ್ಸ್ 2004ರಲ್ಲೇ, ಸೆಕೆಂಡಿನ ಹತ್ತನೇ ಒಂದು ಭಾಗ ಹಿಡಿಯುವ ಯೂನಿಟ್ ಟೆಸ್ಟನ್ನು ನಿಧಾನದ್ದೆಂದರು. ಅತಿಯೆನಿಸಿದರೆ ಲೆಕ್ಕ ಹಾಕಿ: ಅಂಥವು 30,000 ಇದ್ದರೆ 50 ನಿಮಿಷ. ಡೇಟಾಬೇಸ್ ಮುಟ್ಟುವ ಟೆಸ್ಟಿಗೆ ಈ ಮಾತು ಸಲ್ಲದು, ಒಪ್ಪಿದೆ. ಅದು ರಾತ್ರಿ ಓಡಲಿ. ಉಳಿದದ್ದು ನಿಧಾನವೇ ಎಂದು ತಿಳಿಯಲು ಗಡಿಯಾರವೂ ಬೇಡ. ಟೆಸ್ಟ್ ಓಡುವಾಗ ಡೆವಲಪರ್ ಮೊಬೈಲ್ ಕೈಗೆತ್ತಿಕೊಂಡರೆ ಅದು ನಿಧಾನ. ಓಡಿಸದೆಯೇ ಕೋಡ್ ಒಪ್ಪಿಸತೊಡಗಿದರೆ ಆ ಟೆಸ್ಟ್ ಇದ್ದೂ ಇಲ್ಲದಂತೆ. ಲೇಖಕರೇ, ಹತ್ತು ನಿಮಿಷದೊಳಗೆ ಮುಗಿಯುವ ನಿಮ್ಮ ಟೆಸ್ಟುಗಳನ್ನು ತಂಡದಲ್ಲಿ ದಿನಕ್ಕೆ ಎಷ್ಟು ಜನ ತಾವಾಗಿ ಓಡಿಸುತ್ತಾರೆ? ಲೇಖನದಲ್ಲಿ ಅದನ್ನು ಬರೆಯಬೇಕಿತ್ತು.