ಅರಬ್ಬಿ ಸಮುದ್ರ ಪೂರ್ತಿ ಲೋಡ್ ಆಗ್ಬೇಕಾ?

ಆನ್‌ಲೈನ್‌ನಲ್ಲಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಥರದ ಆಟ ಆಡೋರಿಗೆಲ್ಲ ಗೊತ್ತಿರೋ ಮಾತು: "ನಂಗಿನ್ನೂ ಮ್ಯಾಪ್ ಬಂದಿಲ್ಲ ಮಾರಾಯಾ." ಉಳಿದವರು ಆಗ್ಲೇ ದಾಳ ಹಾಕಿ ಹೊಡೆದಾಟ ಶುರು ಮಾಡಿರ್ತಾರೆ, ಅವನೊಬ್ಬ ಖಾಲಿ ಸ್ಕ್ರೀನ್ ನೋಡ್ತಾ ಕೂತಿರ್ತಾನೆ. ತಕ್ಷಣ ಎಲ್ಲರದ್ದೂ ಒಂದೇ ತೀರ್ಪು: "ನಿನ್ನ ನೆಟ್ ಸರಿ ಇಲ್ಲ." ಅಂಕೋಲಾದ ಒಳಗಿನ ಊರಿಂದ ಹಳೇ ಫೋನಲ್ಲಿ ಆಡೋನಿಗೆ ಇದನ್ನ ಕೇಳಿ ಕೇಳಿ ಸಾಕಾಗಿರುತ್ತೆ. ಎರಡು ವಾರ ಹೀಗಾದ್ರೆ ಮೂರನೇ ವಾರ ಅವನು ಬರೋದೇ ಇಲ್ಲ.

ನಾನು ಹೇಳೋದು, ಹೆಚ್ಚಿನ ಸಲ ತಪ್ಪು ನೆಟ್‌ದಲ್ಲ. ಮ್ಯಾಪ್ ಹಾಕಿದ ಗೇಮ್ ಮಾಸ್ಟರ್‌ದು.

ಲೆಕ್ಕ ನೋಡಿ. ಸದಾಶಿವಗಡದ ಕೋಟೆ ಮೇಲೆ ಒಂದು ಯುದ್ಧ ಅಂತಿಟ್ಕೊಳ್ಳಿ. 40 ಚೌಕ ಅಗಲ, 30 ಚೌಕ ಎತ್ತರದ ಮ್ಯಾಪ್. ಒಂದು ಚೌಕಕ್ಕೆ 200 ಪಿಕ್ಸೆಲ್ ಇಟ್ರೆ ಚಿತ್ರ 8000 x 6000 ಆಗುತ್ತೆ. ಅದನ್ನ ವೆಬ್‌ಪಿ ಮಾಡಿ ಸಣ್ಣ ಫೈಲ್ ಮಾಡಿದೀನಿ ಅಂತ ಹಲವರು ಖುಷಿ ಪಡ್ತಾರೆ. ಡೌನ್‌ಲೋಡ್ ಬೇಗ ಆಗುತ್ತೆ, ನಿಜ. ಆದ್ರೆ ತೋರಿಸೋಕೆ ಫೋನ್ ಆ ಚಿತ್ರವನ್ನ ಮತ್ತೆ ಪೂರ್ತಿ ಬಿಚ್ಚಲೇಬೇಕು. ಒಂದು ಪಿಕ್ಸೆಲ್‌ಗೆ 4 ಬೈಟ್. ಅಂದ್ರೆ ಫೈಲ್ ಎಷ್ಟೇ ಚಿಕ್ಕದಿರಲಿ, ಮೆಮೊರಿಯಲ್ಲಿ 192 ಎಂಬಿ! ಬಹಳಷ್ಟು ಹಳೇ ಫೋನ್‌ಗಳ ಗ್ರಾಫಿಕ್ಸ್ ಚಿಪ್ ಒಂದು ಬದಿಗೆ 4096 ಪಿಕ್ಸೆಲ್‌ಗಿಂತ ದೊಡ್ಡ ಚಿತ್ರ ತಗೊಳ್ಳೋದೇ ಇಲ್ಲ. ಅಂಥ ಫೋನಿಗೆ ಫೈಬರ್ ಕೊಟ್ರೂ ಅಷ್ಟೇ.

ಅದೇ ಮ್ಯಾಪ್ ಚೌಕಕ್ಕೆ 70 ಪಿಕ್ಸೆಲ್ ಇದ್ರೆ? 2800 x 2100. ಮೆಮೊರಿಯಲ್ಲಿ ಸುಮಾರು 23.5 ಎಂಬಿ. ರೋಲ್20ಯಲ್ಲಿ ಮೊದಲಿಂದ ಇರೋ ಅಳತೆಯೇ 70.

ಇನ್ನು ಸಮುದ್ರ. ನಮ್ಮ ಕಡೆಯವರು ಮ್ಯಾಪ್ ಮಾಡಿದ್ರೆ ಮುಗೀತು, ಕಾಳಿ ನದಿ ಸಮುದ್ರ ಸೇರೋ ಜಾಗ, ಕೂರ್ಮಗಡ, ದೂರದಲ್ಲೊಂದು ದೋಣಿ, ಎಲ್ಲಾ ಬೇಕು 😄 ಪ್ರೀತಿ ಅರ್ಥ ಆಗುತ್ತೆ. ಆದ್ರೆ ಯಾರೂ ಕಾಲಿಡದ 12 ಸಾಲು ನೀರಿಗೆ ಎಲ್ಲರ ಫೋನೂ ಯಾಕೆ ಬಿಸಿ ಆಗ್ಬೇಕು? ಕತ್ತರಿಸಿ, ಹಿನ್ನೆಲೆಗೆ ಒಂದು ನೀಲಿ ಬಣ್ಣ ಕೊಡಿ. ಕೋಟೆಯ ಮೇಲ್ಭಾಗ ಒಂದು ಸೀನ್, ಕೆಳಗಿನ ದಂಡೆ ಇನ್ನೊಂದು ಸೀನ್ ಮಾಡಿ.

ಟೋಕನ್‌ಗಳನ್ನ ಯಾರೂ ನೋಡೋದೇ ಇಲ್ಲ! ಒಂದೇ ಚೌಕದಲ್ಲಿ ನಿಲ್ಲೋ ಪಾತ್ರಕ್ಕೆ 2000 x 2000 ಚಿತ್ರ ಹಾಕಿದ್ರೆ ಒಂದೊಂದೂ 16 ಎಂಬಿ. ಬೇರೆ ಬೇರೆ ಮುಖದ ಹತ್ತು ಜನ ನಿಂತ್ರೆ 160. ಸಣ್ಣ ಮಾಡಿದ ಮ್ಯಾಪ್‌ಗಿಂತ ಗುಂಪೇ ಭಾರ. 280 ಪಿಕ್ಸೆಲ್ ಧಾರಾಳ ಸಾಕು.

ಫೌಂಡ್ರಿಯನ್ನ ಸ್ವಂತ ಲ್ಯಾಪ್‌ಟಾಪ್‌ನಿಂದ ನಡೆಸೋರಿಗೆ ಇನ್ನೊಂದು ಮಾತು. ಅಲ್ಲಿ ಎಲ್ಲರೂ ಇಳಿಸ್ಕೊಳ್ಳೋದು ನಿಮ್ಮ ಮನೆಯಿಂದ, ಹಾಗಾಗಿ ನಿಮ್ಮ ಅಪ್‌ಲೋಡ್ ವೇಗವೇ ಮುಖ್ಯ. 20 ಎಂಬಿ ಮ್ಯಾಪ್, ಐದು ಜನ, ಒಟ್ಟು 100 ಎಂಬಿ. 10 ಎಂಬಿಪಿಎಸ್ ಅಪ್‌ಲೋಡ್ ಇದ್ರೆ 80 ಸೆಕೆಂಡ್ ಬೇಕು. ಆಗ ಅಂಕೋಲಾದವನನ್ನ ಬೈದು ಏನು ಪ್ರಯೋಜನ?

"ಚಂದ ಹೋಗುತ್ತಲ್ಲ" ಅಂತೀರಿ. ಲ್ಯಾಪ್‌ಟಾಪ್‌ನಲ್ಲಿ ಝೂಮ್ ಮಾಡಿದ್ರೆ ಸ್ವಲ್ಪ ಹೋಗುತ್ತೆ, ಒಪ್ತೀನಿ. ಎಲ್ಲರ ಹತ್ರ ಒಳ್ಳೆ ಲ್ಯಾಪ್‌ಟಾಪ್ ಇದ್ರೆ 100 ಇಡಿ. ಆದ್ರೆ ಅಳತೆ ಇಡ್ಬೇಕಾದ್ದು ಗುಂಪಿನ ಅತಿ ಹಳೇ ಫೋನಿಗೆ, ಗೇಮ್ ಮಾಸ್ಟರ್‌ನ ಮಾನಿಟರ್‌ಗಲ್ಲ. ಕಲ್ಲಿನ ಮೇಲಿನ ಪಾಚಿ ಕಾಣದಿದ್ರೆ ಆಟ ನಿಲ್ಲಲ್ಲ, ಆಡೋನೇ ಇಲ್ದಿದ್ರೆ ನಿಲ್ಲುತ್ತೆ.

ಮುಂದಿನ ಆಟಕ್ಕೆ ಮುಂಚೆ ನಿಮ್ಮ ಗುಂಪಲ್ಲಿ ಯಾರ ಫೋನ್ ಎಲ್ಲಕ್ಕಿಂತ ಹಳೇದು ಅಂತ ಕೇಳಿ, ಮ್ಯಾಪ್ ಮೊದಲು ಅದರಲ್ಲೇ ತೆರೆದು ನೋಡಿ. ಎಷ್ಟು ಸೆಕೆಂಡ್ ತಗೊಳ್ತು ಅಂತ ಕಾಮೆಂಟಲ್ಲಿ ಹಾಕಿ 👇

#ಕಾರವಾರ #ಅಂಕೋಲಾ #ಕನ್ನಡಗೇಮಿಂಗ್