ಮಗನ ಬೈಕು, ಅಪ್ಪನ ಬೆನ್ನು

ಈ ಸಲ ಸಾರಿನ ಪುಡಿ ಬಿಟ್ಟು ಇದೇನ್ರೀ ಬೈಕಿನ ಮಾತು ಎಂದು ಮೂಗು ಮುರಿಯಬೇಡಿ. ಮನೆಯವರು ಸಂಜೆ ಬಂದು ಸೊಂಟ ಹಿಡಿದುಕೊಂಡು ಕೂತರೆ ಅದೂ ನಮ್ಮ ಪಾಲಿನ ವಿಷಯವೇ ಅಲ್ಲವೇ?

ಮಗನಿಗೆ ಬೆಂಗಳೂರಿನಲ್ಲಿ ಕೆಲಸವಾಯಿತು, ಅವನ ಬೈಕು ನಮ್ಮ ಪಾಲಿಗೆ ಬಂತು. ಹೀರೋ ಎಕ್ಸ್‌ಪಲ್ಸ್ 200, 2019ರಲ್ಲಿ ಮಾರುಕಟ್ಟೆಗೆ ಬಂದ ಮಾದರಿ. ಟಾರು ರಸ್ತೆಗೂ ಸೈ, ಕಲ್ಲುಮಣ್ಣಿನ ದಾರಿಗೂ ಸೈ. ಮುಂದಿನ ಚಕ್ರ 21 ಇಂಚು, ಹಿಂದಿನದು 18. ಸೀಟೋ, ನೆಲದಿಂದ 82 ಸೆಂಟಿಮೀಟರಿಗೂ ಮೇಲೆ, ನಮ್ಮ ಅಡುಗೆಕಟ್ಟೆಯಷ್ಟು ಎತ್ತರ! ಹಳೆಯ ಸ್ಕೂಟರು ಕೆಟ್ಟು ಕೂತಿತ್ತಾದ್ದರಿಂದ ಇವರು ತಿಪಟೂರಿನಿಂದ ಅರಸೀಕೆರೆಯ ಆಫೀಸಿಗೆ, ಸುಮಾರು 25 ಕಿಲೋಮೀಟರು, ದಿನಾ ಇದರಲ್ಲೇ ಹೊರಟರು. ಹದಿನೈದು ದಿನದಲ್ಲಿ ಸೊಂಟನೋವು, ಅಂಗೈಯೆಲ್ಲ ಜೋಮು. ನಾನು ಒಂದೇ ಸಲ ಹಿಂದೆ ಕೂತು ಸಾಕಪ್ಪಾ ಸಾಕು ಅಂದೆ. ಅಲ್ಲಿಗೆ ಭಾನುವಾರ ಹೊನ್ನವಳ್ಳಿಗೆ ಹೋಗಿ ಅಮ್ಮನನ್ನು ನೋಡಿ ಬರುವುದೂ ನಿಂತಿತು. ಅಮ್ಮನಿಗೆ ಎಪ್ಪತ್ತೆಂಟು ವರ್ಷ. ಬಸ್ಸು ಕಾದು ಹೋದರೆ ಅತ್ತೆಯವರ ಮಧ್ಯಾಹ್ನದ ಮಾತ್ರೆಯ ಹೊತ್ತಿಗೆ ವಾಪಸು ಬರಲಾಗುವುದಿಲ್ಲ.

"ಮಾರಿಬಿಡೋಣ ಕಣೇ" ಅಂದರು. ಮಾರಿದ ದುಡ್ಡಿಗೆ ಹೊಸ ಗಾಡಿ ಎಲ್ಲಿ ಬರುತ್ತೆ? ಒಂದು ತಿಂಗಳು ತಡೀರಿ ಅಂದೆ.

ಮೊದಲು ಸಿಕ್ಕಿಬಿದ್ದ ಕಳ್ಳ ಯಾರು ಗೊತ್ತೇ? ನಾನೇ ಕಟ್ಟಿಕೊಡುವ ಊಟದ ಡಬ್ಬಿ! ಮೂರಂತಸ್ತಿನ ಡಬ್ಬಿ, ನೀರಿನ ಬಾಟಲಿ, ಕಡತ, ಮಳೆಕೋಟು ಎಲ್ಲ ತುಂಬಿದ ಚೀಲ ಬೆನ್ನಿಗೆ. ತಕ್ಕಡಿಗಿಟ್ಟು ನೋಡಿದರೆ ಐದೂವರೆ ಕಿಲೋ. ದಿನಕ್ಕೆ 50 ಕಿಲೋಮೀಟರು ಆ ಭಾರ ಬೆನ್ನುಮೂಳೆಯ ಮೇಲೇ ಕುಣಿದರೆ ನೋಯದೆ ಇರುತ್ತದೆಯೇ? ಹಿಂದೆ ಕ್ಯಾರಿಯರ್ ಹಾಕಿಸಿ ಪುಟ್ಟ ಪೆಟ್ಟಿಗೆ ಕೂರಿಸಿದೆವು. ಅರ್ಧ ನೋವು ಅಲ್ಲೇ ಇಳಿಯಿತು.

ಆಮೇಲೆ ಟೈರು. ಮಗರಾಯ ಬೆಟ್ಟಗುಡ್ಡ ಸುತ್ತಲು ದಪ್ಪ ಗುಬ್ಬಿಗಳ ಟೈರು ಹಾಕಿಸಿದ್ದ. ಕೆಸರಿಗೆ ಅದೇ ಸರಿ. ಟಾರಿನ ಮೇಲೆ ಗುಂಯ್‌ಗುಡುತ್ತದೆ, ಗಾಡಿಯನ್ನು ನಡುಗಿಸುತ್ತದೆ, ಬೇಗ ಸವೆಯುತ್ತದೆ, ಮಳೆ ಬಿದ್ದರೆ ಹಿಡಿತವೂ ಕಡಿಮೆ. ಅದೇ ಅಳತೆಯ ರಸ್ತೆ ಟೈರು ಹಾಕಿಸಿದೆವು. ಅಳತೆ ಮಾತ್ರ ಬದಲಾಯಿಸಬೇಡಿ. ಗಾಳಿಯ ಲೆಕ್ಕ ಗಾಡಿಯ ಜೊತೆ ಕೊಟ್ಟ ಪುಸ್ತಕದಲ್ಲಿರುತ್ತದೆ. ಬೆಳಿಗ್ಗೆ ಗಾಡಿ ಹೊರಡುವ ಮುಂಚೆ ನೋಡಿಸಿ. ಓಡಿ ಬಿಸಿಯಾದ ಟೈರು ಹೆಚ್ಚು ತೋರಿಸಿ ಮೋಸ ಮಾಡುತ್ತದೆ.

ಅಂಗೈ ಜೋಮಿಗೆ ಮದ್ದು ಬಿಟ್ಟಿ! ಮಗ ನಿಂತುಕೊಂಡು ಓಡಿಸುವವನು, ಅವನಿಗೆ ತಕ್ಕಂತೆ ಹ್ಯಾಂಡಲ್ಲು, ಬ್ರೇಕು, ಕ್ಲಚ್ಚು ತಿರುಗಿಸಿಟ್ಟಿದ್ದ. ಕೂತು ಓಡಿಸುವವರಿಗೆ ಮುಂಗೈ ಮಡಿಸಿದಂತಾಗುತ್ತಿತ್ತು. ಇವರನ್ನೇ ಗಾಡಿಯ ಮೇಲೆ ಕೂರಿಸಿ, ಮೊಣಕೈಯಿಂದ ಬೆರಳತುದಿಯವರೆಗೆ ಗೆರೆ ಎಳೆದಂತೆ ನೇರ ಬರುವ ಹಾಗೆ ಮೆಕ್ಯಾನಿಕ್ ಹುಡುಗ ಬೋಲ್ಟು ಸಡಿಲಿಸಿ ತಿರುಗಿಸಿದ. ಹತ್ತು ನಿಮಿಷದ ಕೆಲಸ.

ಇನ್ನು ಸೀಟು. ಕಾಡುದಾರಿಯ ಗಾಡಿಗಳ ಸೀಟು ಕಿರಿದು, ಸವಾರ ಎದ್ದುನಿಂತಾಗ ಕಾಲಿಗೆ ಅಡ್ಡ ಬರಬಾರದಲ್ಲ. ಮೆತ್ತಗಿನ ಸ್ಪಂಜು ತುಂಬಿಸಿ ಎಂದು ನಾನೇ ಹೇಳಿ ದುಡ್ಡು ದಂಡ ಮಾಡಿದೆ. ಅಂಗಡಿಯಲ್ಲಿ ಒತ್ತಿ ನೋಡಿದರೆ ಹೂವಿನಂತೆ. ಅರ್ಧ ಗಂಟೆ ಕೂತರೆ ಕುಗ್ಗಿ ಕೆಳಗಿನ ತಗಡೇ ಒತ್ತುತ್ತದೆ. "ತೆಂಗಿನ ನಾರು ತುಂಬಿಸಬೇಕಿತ್ತು" ಅಂತ ಅತ್ತೆಯವರ ಸಲಹೆ! ಸೀಟು ಹೊಲಿಯುವವರು ಎರಡನೇ ಸಲ ಗಟ್ಟಿ ಫೋಮನ್ನೇ ಹಾಕಿ, ಕೂರುವ ಜಾಗವನ್ನು ಎರಡು ಬೆರಳು ಅಗಲಿಸಿ, ಮುಂದಕ್ಕೆ ಜಾರುವ ಇಳಿಜಾರನ್ನು ಸಮ ಮಾಡಿದರು. 1,200 ರೂಪಾಯಿ. ಎತ್ತರ ಏರಿಸಬೇಡಿ ಎಂದು ಮೊದಲೇ ಹೇಳಿಬಿಡಿ.

ನನ್ನ ಪಾಲಿನ ಕೆಲಸ ಕೊನೆಗೆ ಆಯಿತು. ಅಂದ ಕೆಡುತ್ತದೆ ಎಂದು ಮಗ ಬಿಚ್ಚಿ ಅಟ್ಟಕ್ಕೆಸೆದಿದ್ದ ಸೀರೆ ಗಾರ್ಡನ್ನು ತೆಗೆದು ಹಾಕಿಸಿದೆ. ಹಿಂದೆ ಕೂರುವವರಿಗೆ ಹಿಡಿ, ಕಾಲಿಡುವ ಜಾಗ, ಚಕ್ರಕ್ಕೆ ಅರ್ಧವಾದರೂ ಮರೆ ಇರಲೇಬೇಕೆಂದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲೇ ಇದೆ ಕಣ್ರೀ, ಅಂದಚೆಂದ ಆಮೇಲೆ. ಇಬ್ಬರು ಕೂರುವ ದಿನ ಹಿಂದಿನ ಸ್ಪ್ರಿಂಗನ್ನು ಸ್ವಲ್ಪ ಬಿಗಿ ಮಾಡಿಸಬೇಕು, ಇಲ್ಲದಿದ್ದರೆ ಗುಂಡಿ ಬಿದ್ದಾಗಲೆಲ್ಲ ಧಡ್ ಎನ್ನುತ್ತದೆ. ಇಷ್ಟು ಎತ್ತರದ ಗಾಡಿಯಲ್ಲಿ ಒಂದು ಪಕ್ಕ ಕೂತರೆ ಭಾರ ಒಂದೇ ಕಡೆ ವಾಲುತ್ತದೆ. ಹಾಗಾಗಿ ನಾನು ಚೂಡಿದಾರ ಹಾಕಿ, ತಲೆಗೆ ಹೆಲ್ಮೆಟ್ಟಿಟ್ಟು, ಜಗಲಿಕಟ್ಟೆಯ ಮೇಲಿಂದ ಕಾಲು ಹಾಕಿ ಎರಡೂ ಕಡೆ ಕೂರುತ್ತೇನೆ. ಅತ್ತೆಯವರು ಮೊದಲ ದಿನ ಮುಖ ತಿರುಗಿಸಿದರು, ಎರಡನೇ ವಾರ "ಹುಷಾರು ಕಣಮ್ಮ" ಅಂದರು.

ಹೋದ ಭಾನುವಾರ ಹೊನ್ನವಳ್ಳಿಗೆ ಹೋಗಿ ಮಾತ್ರೆಯ ಹೊತ್ತಿಗೆ ಮನೆಯಲ್ಲಿದ್ದೆವು. ಅಮ್ಮ ಬೈಕಿನ ಸುತ್ತ ಒಂದು ಸಲ ಬಂದು, ಪೆಟ್ಟಿಗೆಯ ಮುಚ್ಚಳ ತೆಗೆದು, ತೆಂಗಿನಕಾಯಿ ತುಂಬತೊಡಗಿದಳು. "ಅತ್ತೇ, ಐದು ಸಾಕು, ಹಿಂದೆ ಭಾರವಾದರೆ ಮುಂದಿನ ಚಕ್ರ ಹಗುರಾಗುತ್ತೆ" ಅಂತ ಇವರು. ಅಮ್ಮ ಐದಕ್ಕೆ ನಿಲ್ಲಿಸಿ, ಉಳಿದ ಎರಡನ್ನು ನನ್ನ ಕೈಚೀಲಕ್ಕೆ ಹಾಕಿದಳು.