ಕನಸಿಗೊಂದು ಲೆಕ್ಕ

ಯಹೂದಿಗಳ ಧರ್ಮಗ್ರಂಥ ತೋರಾದಲ್ಲಿ ಈಜಿಪ್ಟಿನ ದೊರೆ ಫರೋಹನ ಕನಸನ್ನು ಬಿಡಿಸಿ ಹೇಳಿದ ಯೋಸೇಫ ಅಷ್ಟಕ್ಕೇ ನಿಲ್ಲಲಿಲ್ಲ. ಸುಭಿಕ್ಷದ 7 ವರ್ಷ ಬೆಳೆಯ ಐದನೇ ಒಂದು ಪಾಲನ್ನು ಕೂಡಿಡಬೇಕು, ಬಳಿಕ ಬರುವ 7 ವರ್ಷದ ಕ್ಷಾಮಕ್ಕೆ ಅದೇ ಆಸರೆ ಎಂದ. ಅರ್ಥಶಾಸ್ತ್ರ ಓದಿದ ನನಗೆ ಕನಸಿನ ವ್ಯಾಖ್ಯಾನಕ್ಕಿಂತ ಈ ಲೆಕ್ಕವೇ ಹಿರಿದು.

ಹಿರಿಯೂರಿನ ವಾಣಿವಿಲಾಸ ಸಾಗರ 1933ರ ನಂತರ ಕೋಡಿ ಹರಿದದ್ದು 2022ರಲ್ಲಿ. 89 ವರ್ಷಗಳ ಅಂತರ! ಇಂಥ ಚಿತ್ರದುರ್ಗ ಜಿಲ್ಲೆಯ ಹೊಳಲ್ಕೆರೆ, ಹೊಸದುರ್ಗಗಳಲ್ಲಿ ಎಷ್ಟೋ ರೈತರು ಅಡಿಕೆ ತೋಟದ ಕನಸು ಕಂಡು ಕೊಳವೆಬಾವಿಗೆ ಸಾಲ ಮಾಡುತ್ತಾರೆ. ಭದ್ರಾ ಮೇಲ್ದಂಡೆಯ ನೀರನ್ನು ನೆಚ್ಚುತ್ತಾರೆ. ಆ ನೀರು ಬರಲಿ. ಆದರೆ ಮೊದಲು ಕೃಷಿಹೊಂಡ ತೋಡಿ, ಬೇಸಿಗೆಯಲ್ಲಿ ಅದು ಎಷ್ಟು ಗಿಡಗಳನ್ನು ಸಲಹೀತೆಂದು ಎಣಿಸಿ, ಅಷ್ಟನ್ನೇ ನೆಡುವುದು ಯೋಸೇಫನ ದಾರಿ. ತೋಟಕ್ಕೆ ಸಾಲ ಕೊಡುವ ಬ್ಯಾಂಕುಗಳಾದರೂ ಈ ಲೆಕ್ಕವನ್ನು ಕೇಳಬೇಡವೆ?